ನಂದಿ ತಪ್ಪಲಿನಲ್ಲಿ ರೋಸ್‌ಮರಿ: ಅರ್ಧ ಎಕರೆಯ ಒಂದು ಪ್ರಕರಣ ಅಧ್ಯಯನ

ಚಿಕ್ಕಬಳ್ಳಾಪುರ ತಾಲ್ಲೂಕು, ನಂದಿ ಬೆಟ್ಟದ ತಪ್ಪಲು. ಒಂದು ರೈತ ಕುಟುಂಬ ಹಳೆಯ ದ್ರಾಕ್ಷಿ ಚಪ್ಪರ ತೆಗೆದು ಅರ್ಧ ಎಕರೆಗೆ ರೋಸ್‌ಮರಿ, ಲ್ಯಾವೆಂಡರ್, ಥೈಮ್, ಸೇಜ್ ಅನ್ನುವ ಪರಿಮಳದ ವಿದೇಶಿ ಗಿಡಗಳನ್ನು ನೆಟ್ಟಿತು. ಬದುವಿನ ಮೇಲೆ ಸಾಲಾಗಿ ಆಲಿವ್ ಸಸಿ ಇಟ್ಟಿತು. ನೆಟ್ಟಿದ್ದು ಜೂನ್ ತಿಂಗಳ ಮೊದಲ ಮಳೆಗೆ. ದೀಪಾವಳಿ ಹೊತ್ತಿಗೆ ಲ್ಯಾವೆಂಡರ್ ಪೂರ್ತಿ ಹೋಗಿತ್ತು. ಥೈಮ್ ಕೊಳೆತು ನೆಲಕ್ಕೆ ಅಂಟಿತ್ತು. ಸೇಜ್ ಅಲ್ಲೊಂದು ಇಲ್ಲೊಂದು ಉಳಿದಿತ್ತು. ರೋಸ್‌ಮರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಒಣಗಿ ನಿಂತಿತ್ತು. ಆಲಿವ್ ಮಾತ್ರ ಹಸಿರಾಗಿ, ಚೆನ್ನಾಗಿತ್ತು.

ಗಿಡ ಒಣಗಿದ ಹಾಗೆ ಕಂಡಾಗ ಯಾರಾದರೂ ಏನು ಮಾಡುತ್ತಾರೆ? ನೀರು ಬಿಡುತ್ತಾರೆ. ಈ ಮನೆಯವರೂ ಬಿಟ್ಟರು. ಇನ್ನಷ್ಟು ಗಿಡ ಸತ್ತವು. ಆಮೇಲೆ ನನಗೆ ಫೋನ್ ಬಂತು. ನಾನು ತೋಟಗಾರಿಕೆ ಓದಿದವನು. ಕೋಲಾರ, ಚಿಕ್ಕಬಳ್ಳಾಪುರದ ರೈತರ ಜೊತೆ ಕೆಲಸ ಮಾಡುತ್ತೇನೆ. ಮನೆಯವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಇದೇ ಗಿಡಗಳನ್ನು ಇದೇ ನಂಬಿಕೆಯಿಂದ ತರುವವರು ಈ ಭಾಗದಲ್ಲಿ ಹೆಚ್ಚುತ್ತಿದ್ದಾರೆ. ಅವರ ದುಡ್ಡು ಉಳಿಯಬೇಕು ಅನ್ನೋದು ನನ್ನ ಆಸೆ.

ಯಾಕೆ ಈ ಬೆಳೆಗೆ ಹೋದರು

ಮನೆಯಲ್ಲಿ ಅಣ್ಣ ಜಮೀನು ನೋಡಿಕೊಳ್ಳುತ್ತಾರೆ. ತಂಗಿ ಬೆಂಗಳೂರಿನ ಹೋಟೆಲ್‌ಗಳಿಗೆ ತರಕಾರಿ ಸೊಪ್ಪು ಕಳಿಸುವ ವ್ಯವಹಾರ ಮಾಡುತ್ತಾರೆ. ಅಲ್ಲಿ ರೋಸ್‌ಮರಿ, ಥೈಮ್‌ಗೆ ಬೇಡಿಕೆ ಇರೋದು ಅವರಿಗೆ ಗೊತ್ತಿತ್ತು. ಇನ್ನೊಂದು ಕಡೆ ನೀರಿನ ಕಷ್ಟ. ಈ ಜಿಲ್ಲೆಗಳಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಕಡಿಮೆ ನೀರಿನ ಬೆಳೆ ಸಿಕ್ಕರೆ ಯಾರಿಗೆ ಬೇಡ?

ಸಸಿ ಕೊಟ್ಟ ನರ್ಸರಿಯವರು ಹೇಳಿದ್ದೂ ಅದೇ. ಮೆಡಿಟರೇನಿಯನ್ (ದಕ್ಷಿಣ ಯುರೋಪ್, ಉತ್ತರ ಆಫ್ರಿಕಾ ನಡುವಿನ ಸಮುದ್ರದ ಸುತ್ತಲಿನ) ಗಿಡ, ಒಣ ನಾಡಿನದು, ಕಲ್ಲು ಭೂಮಿಯಲ್ಲೂ ಬರುತ್ತೆ, ನಿಮ್ಮ ಕಡೆಗೆ ಹೇಳಿ ಮಾಡಿಸಿದ್ದು ಅಂತ. ಮೇಲ್ನೋಟಕ್ಕೆ ಇದರಲ್ಲಿ ಸುಳ್ಳಿಲ್ಲ. ಈ ಗಿಡಗಳ ಎಲೆ ನೋಡಿ. ಸಣ್ಣದು, ದಪ್ಪ. ರೋಸ್‌ಮರಿ ಎಲೆಯ ಅಂಚು ಕೆಳಗೆ ಮಡಚಿಕೊಂಡಿರುತ್ತದೆ, ಅಡಿಯಲ್ಲಿ ಬಿಳಿ ನವಿರು ಇರುತ್ತದೆ. ಲ್ಯಾವೆಂಡರ್, ಸೇಜ್ ಎಲೆ ಬೂದು ಬಣ್ಣ. ಆ ಬಣ್ಣ ಕೂಡ ನವಿರಿನದೇ. ಬಿಸಿಲನ್ನು ತಿರುಗಿಸಿ ಕಳಿಸಲು, ಎಲೆಯ ತೇವ ಹಾರದಂತೆ ಹಿಡಿಯಲು ಇವೆಲ್ಲ ಇರೋದು. ಎಲೆಯಲ್ಲಿ ವಾಸನೆ ಎಣ್ಣೆ ತುಂಬಿರುತ್ತದೆ. ಮೇಯುವ ದನ, ಆಡು ಅದಕ್ಕೆ ಬಾಯಿ ಹಾಕಲು ಹಿಂಜರಿಯುತ್ತವೆ. ತಿಂಗಳುಗಟ್ಟಲೆ ಮಳೆ ಇಲ್ಲದೆ ಬದುಕಲು ಬೇಕಾದ್ದೆಲ್ಲ ಇದೆ.

ಹಾಗಾದರೆ ಸತ್ತಿದ್ದು ಹೇಗೆ? ಅಣ್ಣ ನನ್ನನ್ನು ಕೇಳಿದ ಮೊದಲ ಮಾತು ಇದು: "ಸಾರ್, ನೀರಿಲ್ಲದೆ ಬದುಕೋ ಗಿಡ ಅಂತ ತಂದ್ವಿ. ನೀರಲ್ಲೇ ಸಾಯ್ತಾ ಇದೆಯಲ್ಲ?"

ಅಗೆದು ನೋಡಿದಾಗ

ಸತ್ತ ಗಿಡ, ಸಾಯುತ್ತಿರುವ ಗಿಡ, ಚೆನ್ನಾಗಿರುವ ಗಿಡ, ಮೂರನ್ನೂ ಬೇರು ಸಮೇತ ಎತ್ತಿದೆವು. ಸಾಯುತ್ತಿದ್ದ ಗಿಡದ ಬೇರು ಕಂದು. ಬೆರಳಲ್ಲಿ ಎಳೆದರೆ ಸಿಪ್ಪೆ ಜಾರಿ ಬಂತು, ಒಳಗಿನ ನಾರು ಮಾತ್ರ ಉಳಿಯಿತು. ನೆಲಕ್ಕೆ ತಾಗುವ ಬುಡದಲ್ಲಿ ತೊಗಟೆ ಕಪ್ಪಾಗಿತ್ತು. ಇದು ಬೇರು ಕೊಳೆ. ಬೇರು ಹೋದ ಮೇಲೆ ಗಿಡಕ್ಕೆ ನೀರು ಎಳೆಯಲು ಆಗೋದಿಲ್ಲ. ಅದಕ್ಕೇ ಒದ್ದೆ ನೆಲದಲ್ಲಿ ನಿಂತ ಗಿಡ ಬಾಯಾರಿದ ಹಾಗೆ ಕಾಣುತ್ತದೆ.

ಇಂಥ ಕೊಳೆಗೆ ಸಾಮಾನ್ಯವಾಗಿ ಕಾರಣ ಫೈಟಾಫ್ತೊರಾ, ಪಿಥಿಯಂ ಜಾತಿಯ ರೋಗಾಣುಗಳು. ಫ್ಯುಸೇರಿಯಂ ಶಿಲೀಂಧ್ರವೂ ಸೇರಿಕೊಳ್ಳಬಹುದು. ಮೊದಲ ಎರಡರ ಬೀಜಾಣುಗಳಿಗೆ ಬಾಲ ಇರುತ್ತದೆ. ಮಣ್ಣಿನ ಸಂದಿಯಲ್ಲಿ ನಿಂತ ನೀರಲ್ಲಿ ಈಜಿಕೊಂಡು ಹೋಗಿ ಬೇರಿಗೆ ಅಂಟುತ್ತವೆ. ನೀರು ನಿಲ್ಲದಿದ್ದರೆ ಅವು ಹರಡೋದು ಕಷ್ಟ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಅರ್ಧ ಕೆಲಸ ತಾನಾಗಿ ಗೊತ್ತಾಗುತ್ತದೆ.

ನೀರು ನಿಂತಿದ್ದು ಯಾಕೆ? ಮೇಲೆ ನೋಡಿದರೆ ಒಳ್ಳೆ ಕೆಮ್ಮಣ್ಣು. ಒಂದು ಅಡಿ ಕೆಳಗೆ ಗಟ್ಟಿ ಜೇಡಿ ಪದರ. ಅದೇ ಜಾಗದಲ್ಲಿ ಗುಂಡಿ ತೋಡಿ ಸಂಜೆ ನೀರು ತುಂಬಿಸಿದೆವು. ಬೆಳಗ್ಗೆ ನೋಡಿದರೆ ನೀರು ಹಾಗೇ ಇತ್ತು. ಮಳೆಗಾಲದಲ್ಲಿ ಪ್ರತಿ ಗಿಡದ ಅಡಿಯಲ್ಲೂ ಇದೇ ನಡೆದಿತ್ತು. ಅದರ ಮೇಲೆ ಪಾತಿ ಮಾಡಿದ್ದರು. ಪ್ಲಾಸ್ಟಿಕ್ ಮಲ್ಚಿಂಗ್ ಶೀಟ್ ಹಾಸಿದ್ದರು. ಕೊಟ್ಟಿಗೆ ಗೊಬ್ಬರ ಗುಂಡಿ ತುಂಬ ಕೊಟ್ಟಿದ್ದರು. ಡ್ರಿಪ್ ಹಳೆ ದ್ರಾಕ್ಷಿ ಕಾಲದ ಲೆಕ್ಕದಲ್ಲೇ ಓಡುತ್ತಿತ್ತು. ಬೇರೆ ಬೆಳೆಗೆ ಇದೆಲ್ಲ ಒಳ್ಳೆಯ ಆರೈಕೆ. ಈ ಗಿಡಗಳಿಗೆ ಇದರಲ್ಲಿ ಒಂದೂ ಬೇಕಿರಲಿಲ್ಲ. ಗೊಬ್ಬರ ಜಾಸ್ತಿಯಾದರೆ ರೋಸ್‌ಮರಿ ಮೆತ್ತಗೆ, ಸೊಂಪಾಗಿ ಬೆಳೆಯುತ್ತದೆ. ನೋಡಲು ಚೆಂದ. ವಾಸನೆ ಕಡಿಮೆ, ಕೊಳೆಯೋದು ಬೇಗ.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದು ಬಸಿ ನೀರಿನ ಸಮಸ್ಯೆ ಅಂತ ಮುಗಿಸಬಹುದಿತ್ತು. ಆದರೆ ಜಮೀನಿನ ಮೇಲ್ತುದಿಯಲ್ಲಿ ಗರಸು ಮಣ್ಣಿನ ಎರಡು ಸಾಲುಗಳಿದ್ದವು. ಅಲ್ಲಿ ನೀರು ನಿಲ್ಲೋದೇ ಇಲ್ಲ. ಅಲ್ಲಿಯ ರೋಸ್‌ಮರಿ ಉಳಿದಿತ್ತು, ಲ್ಯಾವೆಂಡರ್ ಉಳಿದಿರಲಿಲ್ಲ. ಹಾಗಾಗಿ ಮಣ್ಣನ್ನು ಬಿಟ್ಟು ಆಕಾಶದ ಕಡೆ ನೋಡಬೇಕಾಯಿತು.

ಮಳೆಯ ಲೆಕ್ಕ

ಇಟಲಿಯ ರೋಮ್ ನಗರಕ್ಕೆ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆ ಸುಮಾರು 700ರಿಂದ 750. ಅಂದರೆ ರೋಸ್‌ಮರಿ ತಾನಾಗಿ ಬೆಳೆಯುವ ದೇಶಗಳಲ್ಲೊಂದರ ರಾಜಧಾನಿಯಲ್ಲಿ ನಮ್ಮಲ್ಲಿಗಿಂತ ಕಡಿಮೆ ಮಳೆ ಏನೂ ಬೀಳೋದಿಲ್ಲ. "ಒಣ ನಾಡಿನ ಗಿಡ" ಅನ್ನುವ ಮಾತು ಇಲ್ಲೇ ಕುಸಿಯುತ್ತದೆ. ಈ ಎರಡು ಊರುಗಳ ನಡುವೆ ಇರುವ ದೊಡ್ಡ ವ್ಯತ್ಯಾಸ ಮಳೆ ಬರುವ ಕಾಲದ್ದು.

ಅಲ್ಲಿ ಮಳೆ ಜಾಸ್ತಿ ಬೀಳೋದು ಅಕ್ಟೋಬರ್‌ನಿಂದ ಚಳಿಗಾಲದ ಉದ್ದಕ್ಕೂ. ಜೂನ್, ಜುಲೈ, ಆಗಸ್ಟ್ ಹೆಚ್ಚುಕಡಿಮೆ ಒಣ. ಬೇಸಿಗೆಯಲ್ಲಿ ಗಾಳಿಯ ಒತ್ತಡ ಜಾಸ್ತಿ ಇರುವ ದೊಡ್ಡ ವಲಯವೊಂದು ಆ ಪ್ರದೇಶದ ಮೇಲೆ ಬಂದು ಕೂರುತ್ತದೆ, ಮೋಡ ಕಟ್ಟಲು ಬಿಡೋದಿಲ್ಲ. ಚಳಿಗಾಲದಲ್ಲಿ ಅದು ಸರಿದುಹೋಗಿ, ಪಶ್ಚಿಮದ ಗಾಳಿ ಸಮುದ್ರದಿಂದ ಮಳೆ ತರುತ್ತದೆ. ಇಂಥ ಹವೆ ಇರುವ ಜಾಗ ಭೂಮಿಯ ಮೇಲೆ ಐದೇ: ಮೆಡಿಟರೇನಿಯನ್ ಸಮುದ್ರದ ಸುತ್ತ, ಕ್ಯಾಲಿಫೋರ್ನಿಯಾ, ಚಿಲಿ ದೇಶದ ನಡುಭಾಗ, ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶ, ಆಸ್ಟ್ರೇಲಿಯಾದ ನೈಋತ್ಯ ಮತ್ತು ದಕ್ಷಿಣದ ಅಂಚು. ಬಹುಮಟ್ಟಿಗೆ ಎಲ್ಲವೂ 30ರಿಂದ 40 ಡಿಗ್ರಿ ಅಕ್ಷಾಂಶದ ಆಸುಪಾಸು. ನಾವಿರೋದು 13 ಡಿಗ್ರಿಯಲ್ಲಿ.

ಅಲ್ಲಿಯ ಗಿಡದ ಒಂದು ವರ್ಷ ಹೀಗೆ ನಡೆಯುತ್ತದೆ. ಶರತ್ಕಾಲದ ಮೊದಲ ಮಳೆಗೆ ಎಚ್ಚರ. ಚಳಿಗಾಲದಲ್ಲಿ ಬೇರು ಇಳಿಯುತ್ತದೆ, ಮಣ್ಣು ನೀರು ಕುಡಿದು ತುಂಬಿರುತ್ತದೆ. ಬಿಸಿಲು ಏರುವಾಗ ಚಿಗುರು, ಹೂ. ಬೇಸಿಗೆಯಲ್ಲಿ ಬೆಳವಣಿಗೆ ನಿಲ್ಲಿಸಿ ಸುಮ್ನೆ ಇರುವುದು. ಮಳೆ ಬಂದಾಗ ಅಲ್ಲಿ ಚಳಿ ಇರುತ್ತದೆ. ರೋಗಾಣುಗಳಲ್ಲಿ ಹಲವಕ್ಕೆ ಆ ಚಳಿಯಲ್ಲಿ ಚುರುಕಿಲ್ಲ.

ನಮ್ಮಲ್ಲಿ? ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಗುಡುಗಿನ ಮಳೆ. ಜೂನ್, ಜುಲೈ ಮೋಡ ಜಾಸ್ತಿ, ಮಳೆ ಸಾಧಾರಣ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜೋರು. ಆಗ ಹಗಲು 27, 28 ಡಿಗ್ರಿ, ರಾತ್ರಿ 19ರ ಸುತ್ತಮುತ್ತ. ಬೆಚ್ಚಗಿನ ಒದ್ದೆ. ನವೆಂಬರ್ ಕಳೆದ ಮೇಲೆ ಚಳಿಗಾಲವೂ ಒಣ, ಅದರ ಹಿಂದೆ ಬೇಸಿಗೆಯೂ ಒಣ. ಗಿಡ ಮಲಗಬೇಕಾದ ಬೆಚ್ಚಗಿನ ಕಾಲದಲ್ಲಿ ನಾವು ಅದರ ಮೇಲೆ ಮಳೆ ಸುರಿಸುತ್ತೇವೆ. ಅದು ಬೆಳೆಯಬೇಕಾದ ತಂಪು ಕಾಲದಲ್ಲಿ ಒಂದು ಹನಿ ಕೊಡೋದಿಲ್ಲ. ಆ ಬೂದು ನವಿರಿನ ಎಲೆ ಇದೆಯಲ್ಲ, ಒಣ ಗಾಳಿಯಲ್ಲಿ ಅದನ್ನು ಕಾಯುತ್ತಿದ್ದ ನವಿರೇ ಇಲ್ಲಿ ಸೆಪ್ಟೆಂಬರ್ ಮಳೆಯ ಹನಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಎಲೆ ಒಣಗೋದೇ ಇಲ್ಲ. ಮೇಲ್ತುದಿಯ ಗರಸಿನಲ್ಲೂ ಲ್ಯಾವೆಂಡರ್ ಸತ್ತಿದ್ದಕ್ಕೆ ನನಗೆ ಕಂಡ ಉತ್ತರ ಇದು.

ಜೂನ್‌ನಲ್ಲಿ ನೆಟ್ಟಿದ್ದರಿಂದ ಪರಿಸ್ಥಿತಿ ಇನ್ನೂ ಕೆಟ್ಟಿತು. ಎಳೆ ಸಸಿಗೆ ಮೊದಲ ಪರೀಕ್ಷೆಯೇ ಮಳೆಗಾಲ. ಮುಂಗಾರಿಗೆ ಸಸಿ ನೆಡೋದು ನಮ್ಮ ರೂಢಿ. ಮಾವು, ಹುಣಸೆ, ನೇರಳೆಗೆ ಅದು ಸರಿ.

ಇದನ್ನೆಲ್ಲ ಅವರ ಜಗುಲಿಯಲ್ಲಿ ಕೂತು ಹೇಳುತ್ತಿದ್ದಾಗ ಅವರ ತಾಯಿ ಒಳಗಿಂದ ಬಂದು ಕೇಳಿಸಿಕೊಂಡರು. ಆಮೇಲೆ ಅವರೇ ಮುಗಿಸಿದರು: "ಹಾಗಂದ್ರೆ ಇದು ಹಸ್ತೆ, ಚಿತ್ತೆ ಮಳೆಗೆ ಸಾಯೋ ಗಿಡ. ಸ್ವಾತಿ ಕಳೆದ ಮೇಲೆ ನೆಡಬೇಕಪ್ಪಾ, ಅಷ್ಟೇ ಅಲ್ವಾ?" ನಾನು ಅಷ್ಟು ಹೊತ್ತು ತಾಪಮಾನ, ಮಿಲಿಮೀಟರ್ ಅಂತ ಹೇಳಿದ್ದನ್ನು ಆ ತಾಯಿ ಒಂದೇ ಮಾತಲ್ಲಿ ಹೇಳಿದ್ದರು. ಸ್ವಾತಿ ಮಳೆ ನವೆಂಬರ್ ಮೊದಲ ವಾರಕ್ಕೆ ಮುಗಿಯುತ್ತದೆ. ನಾವು ಹೊಸ ನಾಟಿಗೆ ಇಟ್ಟುಕೊಂಡ ದಿನವೂ ಅದರ ಹಿಂದೆಯೇ.

ಎರಡನೇ ನಾಟಿ

ಉಳಿದ ರೋಸ್‌ಮರಿ ಗಿಡಗಳಲ್ಲಿ ಗಟ್ಟಿಯಾದವುಗಳಿಂದಲೇ ಕಡ್ಡಿ ತೆಗೆದೆವು. ಒಂದು ಮಳೆಗಾಲ ದಾಟಿದ ಗಿಡದ ಕಡ್ಡಿ ಅಂದರೆ ಅದಕ್ಕೆ ಒಂದು ಬೆಲೆ ಇದೆ. ನಾಲ್ಕೈದು ಇಂಚಿನ ಕಡ್ಡಿ, ಕೆಳಗಿನ ಎಲೆ ಸವರಿ, ಮರಳು ಬೆರೆಸಿದ ಕೋಕೊಪಿಟ್ (ತೆಂಗಿನ ನಾರಿನ ಪುಡಿ) ಟ್ರೇಯಲ್ಲಿ, ಶೇಡ್ ನೆಟ್ ಕೆಳಗೆ. ಇದು ಬೇರು ಬಿಡಲು ಒಂದರಿಂದ ಒಂದೂವರೆ ತಿಂಗಳು ಬೇಕು. ಆ ವರ್ಷ ಸ್ವಾತಿ ಆಗಲೇ ದಾಟಿತ್ತು. ಹಾಗಾಗಿ ಕಡ್ಡಿ ನೆಲಕ್ಕೆ ಹೋಗಿದ್ದು ಡಿಸೆಂಬರ್ ಕೊನೆಗೆ. ಖಾಲಿ ಬಿದ್ದ ಉಳಿದ ಜಾಗಕ್ಕೆ ಬೇರೆ ನರ್ಸರಿಯಿಂದ ನವೆಂಬರ್‌ನಲ್ಲೇ ಸಸಿ ತಂದರು.

ನೆಲದ ಕೆಲಸ ಜಾಸ್ತಿ ಹಿಡಿಯಿತು. ಜೇಡಿ ಪದರವನ್ನು ಜೆಸಿಬಿಯಿಂದ ಸಾಲಿನ ಉದ್ದಕ್ಕೆ ಸೀಳಿಸಿದರು. ಇಳಿಜಾರಿನ ದಿಕ್ಕಿಗೇ ಒಂದೂವರೆ ಅಡಿ ಎತ್ತರದ ಏರು ಮಡಿ. ಸಾಮಾನ್ಯವಾಗಿ ಮಣ್ಣು ಕೊಚ್ಚಿ ಹೋಗದಿರಲಿ ಅಂತ ಇಳಿಜಾರಿಗೆ ಅಡ್ಡ ಮಡಿ ಮಾಡುತ್ತೇವೆ. ಇಲ್ಲಿ ನೀರು ಹೊರಗೆ ಹೋಗೋದೇ ಮುಖ್ಯವಾಗಿತ್ತು, ಇಳಿಜಾರೂ ಬಹಳ ಕಡಿಮೆ. ಹಾಗಾಗಿ ಉದ್ದಕ್ಕೆ ಮಾಡಿ, ಕೆಳಗಿನ ಬದುವಿನ ಹತ್ತಿರ ಹುಲ್ಲು ಬಿಟ್ಟೆವು. ಮಡಿಗೆ ಗರಸು ಬೆರೆಸಿದರು. ಗೊಬ್ಬರ ಹಿಡಿಯಷ್ಟು. ಮಲ್ಚಿಂಗ್ ಶೀಟ್ ತೆಗೆದು, ಗಿಡದ ಬುಡದ ಸುತ್ತ ಹತ್ತಿರದ ಕ್ರಷರ್‌ನ ಸಣ್ಣ ಜಲ್ಲಿ ಹಾಸಿದರು. ಜಲ್ಲಿ ಬೇಗ ಒಣಗುತ್ತದೆ, ಬುಡಕ್ಕೆ ಮಣ್ಣು ಸಿಡಿಯೋದಿಲ್ಲ. ಕ್ರಷರ್ ದೂಳು ಸೇರಿಸಬಾರದು. ಅದು ನೀರು ಕುಡಿದು ಗಟ್ಟಿಯಾಗುತ್ತದೆ. ಗಿಡದಿಂದ ಗಿಡಕ್ಕೆ ಗಾಳಿ ಓಡಾಡುವಷ್ಟು ಜಾಗ ಬಿಟ್ಟರು. ಮೊದಲ ಸಲ ಒತ್ತೊತ್ತಾಗಿ ನೆಟ್ಟಿದ್ದರು.

ಇನ್ನು ನೀರು. ಇಲ್ಲಿ ಅಣ್ಣನಿಗೂ ನನಗೂ ಸ್ವಲ್ಪ ವಾದ ಆಯಿತು. ಇದು ಕಡಿಮೆ ನೀರಿನ ಗಿಡ ತಾನೇ, ಇನ್ನು ನೀರೇ ಬೇಡ ಅಂತ ಅವರು ಹಟ ಹಿಡಿದರು. ಒಮ್ಮೆ ಕೊಳೆತದ್ದು ಕಂಡವರಿಗೆ ಹಾಗೆ ಅನ್ನಿಸೋದು ಸಹಜ. ಆದರೆ ತವರಿನಲ್ಲಿ ಈ ಗಿಡ ಬೇಸಿಗೆ ತಡೆಯೋದು ಚಳಿಗಾಲದ ಮಳೆ ಮಣ್ಣಿನೊಳಗೆ ಇಳಿದಿರುವುದರಿಂದ. ನಮ್ಮ ಚಳಿಗಾಲದಲ್ಲಿ ಆ ಮಳೆ ಇಲ್ಲ. ಅದನ್ನು ಡ್ರಿಪ್‌ನಿಂದ ನಾವೇ ಕೊಡಬೇಕು. ಕೊನೆಗೆ ಹೀಗೆ ಒಪ್ಪಿಕೊಂಡೆವು: ನವೆಂಬರ್‌ನಿಂದ ಫೆಬ್ರವರಿವರೆಗೆ ನಾಲ್ಕೈದು ದಿನಕ್ಕೊಮ್ಮೆ, ಕೊಟ್ಟರೆ ಆಳಕ್ಕೆ ಇಳಿಯುವಷ್ಟು. ಮಾರ್ಚ್‌ನಿಂದ ಅಂತರ ಹೆಚ್ಚಿಸುತ್ತಾ ಹೋಗೋದು. ಮೊದಲ ಮಳೆಗೆ ಗೇಟ್‌ವಾಲ್ವ್ ಬಂದ್. ಮಳೆಗಾಲದಲ್ಲಿ ಎರಡು ಮೂರು ವಾರ ಮಳೆ ಕೈಕೊಟ್ಟರೂ ಗಿಡ ತಡೆಯುತ್ತದೆ, ಗಾಬರಿ ಬೀಳಬಾರದು. ಡ್ರಿಪ್ಪರ್ ಬುಡಕ್ಕೆ ಅಂಟದಂತೆ ಪಕ್ಕಕ್ಕೆ ಸರಿಸಿದರು. ಬೋರ್ ನೀರು ಗಡಸು, ಸುಣ್ಣದ ಅಂಶ ಜಾಸ್ತಿ. ಅದೊಂದು ವಿಷಯದಲ್ಲಿ ಅದೃಷ್ಟ ಚೆನ್ನಾಗಿತ್ತು. ಈ ಗಿಡಗಳಲ್ಲಿ ಬಹಳಷ್ಟು ಸುಣ್ಣಕಲ್ಲಿನ ನೆಲದವು.

ಕತ್ತರಿ

ಅಣ್ಣ ಒಳ್ಳೆಯ ದ್ರಾಕ್ಷಿ ಕೈ. ಏಪ್ರಿಲ್‌ನಲ್ಲಿ ಅವರ ಕೈ ತಾನಾಗಿ ಕತ್ತರಿ ಹಿಡಿಯಿತು. ಉಳಿದಿದ್ದ ಹಳೆ ರೋಸ್‌ಮರಿಯ ಒಂದು ಸಾಲನ್ನು ದ್ರಾಕ್ಷಿಗೆ ಮಾಡುವ ಹಾಗೆ ಬಲಿತ ಕಟ್ಟಿಗೆಯವರೆಗೆ ಕತ್ತರಿಸಿದರು. ಆ ಸಾಲು ಮತ್ತೆ ಚಿಗುರಲಿಲ್ಲ. ದ್ರಾಕ್ಷಿ ಹಳೆ ಕಡ್ಡಿಯಿಂದಲೂ ಒಡೆಯುತ್ತದೆ. ರೋಸ್‌ಮರಿ, ಲ್ಯಾವೆಂಡರ್ ಎಲೆಯಿಲ್ಲದ ಬಲಿತ ಕಟ್ಟಿಗೆಯಿಂದ ಚಿಗುರೋದು ತೀರ ಕಷ್ಟ. ಹಸಿರಿರುವ ಭಾಗದಲ್ಲೇ ನಿಲ್ಲಬೇಕು. ಈಗ ಅವರು ಚಳಿಗಾಲದ ಉದ್ದಕ್ಕೂ ತುದಿ ಕೊಯ್ಯುತ್ತಾರೆ, ಮೇ ತಿಂಗಳಲ್ಲಿ ಪೊದೆಯ ಒಳಗೆ ಗಾಳಿ ಆಡುವಷ್ಟು ಬಿಡಿಸುತ್ತಾರೆ.

ಆದರೆ ದ್ರಾಕ್ಷಿಯ ಅನುಭವ ವ್ಯರ್ಥವಾಗಲಿಲ್ಲ. ದ್ರಾಕ್ಷಿಯೂ ಪಶ್ಚಿಮ ಏಷ್ಯಾ, ಮೆಡಿಟರೇನಿಯನ್ ಕಡೆ ಸಾವಿರಾರು ವರ್ಷದಿಂದ ಬೆಳೆದ ಬಳ್ಳಿ. ಅಲ್ಲಿ ಚಳಿಗೆ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಮಲಗುವಷ್ಟು ಚಳಿ ಇಲ್ಲ. ದಕ್ಷಿಣದ ರೈತರು ಇದಕ್ಕೆ ಕತ್ತರಿಯಿಂದಲೇ ದಾರಿ ಹುಡುಕಿದರು. ಏಪ್ರಿಲ್‌ನಲ್ಲಿ ಒಮ್ಮೆ ಕತ್ತರಿಸಿ ಕಡ್ಡಿ ಬೆಳೆಸೋದು, ಅಕ್ಟೋಬರ್ ಹೊತ್ತಿಗೆ ಮತ್ತೆ ಕತ್ತರಿಸಿ ಒಣ ಹವೆಯಲ್ಲಿ ಹಣ್ಣು ತೆಗೆಯೋದು. ಬೆಂಗಳೂರು ಬ್ಲೂ ದ್ರಾಕ್ಷಿಯಲ್ಲಿ ಅಮೆರಿಕದ ದ್ರಾಕ್ಷಿಯ ಅಂಶವೂ ಇದೆ, ಹಾಗಾಗಿ ಮಳೆಗಾಲದ ರೋಗವನ್ನು ಬೇರೆ ತಳಿಗಳಿಗಿಂತ ಚೆನ್ನಾಗಿ ತಡೆಯುತ್ತದೆ. ದಾಳಿಂಬೆಯವರು ಮಾಡೋದೂ ಇದೇ ಜಾತಿಯ ಕೆಲಸ. ನೀರು ನಿಲ್ಲಿಸಿ ಗಿಡಕ್ಕೆ ವಿಶ್ರಾಂತಿ ಕೊಟ್ಟು, ತಮಗೆ ಬೇಕಾದ ಕಾಲಕ್ಕೆ ನೀರು ಬಿಟ್ಟು ಹೂ ತರಿಸುತ್ತಾರೆ. ಹಸ್ತ ಬಹಾರ್, ಅಂಬೆ ಬಹಾರ್ ಅಂತ ಕರೆಯುವ ಹೂವಿನ ಹಂಗಾಮುಗಳೆಲ್ಲ ಅದೇ. ಗಿಡದ ಕಾಲವನ್ನು ತಿರುಗಿಸುವ ವಿದ್ಯೆ ಈ ಜಿಲ್ಲೆಗಳ ರೈತರ ಕೈಯಲ್ಲಿ ಆಗಲೇ ಇದೆ. ಹೊಸ ಗಿಡ ಬಂದಾಗ ಅದನ್ನು ಬಳಸಬೇಕು ಅಂತ ಯಾರೂ ಹೇಳೋದಿಲ್ಲ, ಅದೇ ನನಗೆ ಬೇಸರ.

ಕೊತ್ತಂಬರಿ, ಎಲೆಕೋಸು, ಬೀಟ್‌ರೂಟ್ ಕೂಡ ಮೆಡಿಟರೇನಿಯನ್ ಕಡೆಯಿಂದಲೇ ಬಂದವು. ಅವು ನಮ್ಮಲ್ಲಿ ಇಷ್ಟು ಸಲೀಸಾಗಿ ಒಗ್ಗಿದ್ದು ಹೇಗೆ? ಅವು ಕೆಲವೇ ತಿಂಗಳ ಬೆಳೆ. ನಮ್ಮ ತಂಪು ಕಾಲದಲ್ಲಿ ನೀರು ಕೊಟ್ಟರೆ ಬೆಳೆದು ಮುಗಿಯುತ್ತವೆ, ಮಳೆಗಾಲದ ಮುಖ ನೋಡಲೇಬೇಕು ಅಂತಿಲ್ಲ. ರೋಸ್‌ಮರಿಯಂಥ ಬಹುವರ್ಷದ ಗಿಡ ನಮ್ಮ ಸೆಪ್ಟೆಂಬರ್ ದಾಟಲೇಬೇಕು. ಎಲ್ಲ ಕಷ್ಟ ಇರೋದು ಅಲ್ಲೇ.

ಲ್ಯಾವೆಂಡರ್, ಆಲಿವ್

ಇವೆರಡರ ಬಗ್ಗೆ ನನ್ನ ಮಾತು ಖಡಕ್ಕಾಗಿದೆ. ಎಣ್ಣೆಗೆ ಬೆಳೆಯುವ ಅಸಲಿ ಲ್ಯಾವೆಂಡರ್‌ಗೆ ಚಳಿಗಾಲದ ನಿಜವಾದ ಚಳಿ ಬೇಕು. ಜಮ್ಮುವಿನ ದೋಡಾ ಜಿಲ್ಲೆಯ ಭದರವಾಹದಲ್ಲಿ ರೈತರು ಅದನ್ನು ಚೆನ್ನಾಗಿ ಬೆಳೆಯುತ್ತಿದ್ದಾರೆ. ಅಲ್ಲಿ ಹಿಮ ಬೀಳುತ್ತದೆ. ಆ ಹೊಲಗಳ ನೇರಳೆ ಬಣ್ಣದ ಫೋಟೊ ನೋಡಿ ಚಿಕ್ಕಬಳ್ಳಾಪುರದಲ್ಲಿ ಎಕರೆಗಟ್ಟಲೆ ನೆಡಬೇಡಿ. ಹಲ್ಲಿನಂಥ ಅಂಚಿನ ಎಲೆಯ ಇನ್ನೊಂದು ಜಾತಿ ಬೆಚ್ಚಗಿನ ಕಡೆಗೂ ಒಗ್ಗುತ್ತದೆ. ತಂಗಿ ಅದನ್ನು ಮನೆಯ ಮುಂದೆ, ಸೂರಿನ ಕೆಳಗೆ ಕುಂಡದಲ್ಲಿ ಬೆಳೆಸಿದ್ದಾರೆ. ಹೂ ಬರುತ್ತದೆ. ಅದು ಹೂವಿನ ಖುಷಿಗೆ, ವ್ಯಾಪಾರಕ್ಕೆ ಅಲ್ಲ. ಇಲ್ಲೊಂದು ವಿಷಯ ಹೇಳಲೇಬೇಕು. ಲ್ಯಾವೆಂಡರ್ ಕುಲದ್ದೇ ಕಾಡುಗಿಡವೊಂದು, ಲ್ಯಾವೆಂಡುಲ ಬೈಪಿನ್ನೇಟ, ನಮ್ಮ ದಖ್ಖನ್ ಪ್ರಸ್ಥಭೂಮಿಯಲ್ಲಿ ತಾನಾಗಿ ಬೆಳೆಯುತ್ತದೆ. ಅದು ನಮ್ಮ ಮಳೆಗೆ ಬೆಳೆದು, ಮಳೆ ಮುಗಿಯುವ ಹೊತ್ತಿಗೆ ಹೂ ಬಿಡುತ್ತದೆ. ಒಂದೇ ಕುಲ, ಕಾಲ ಮಾತ್ರ ಬೇರೆ.

ಆಲಿವ್ ಸಸಿಗಳು ಈಗಲೂ ಸೊಗಸಾಗಿವೆ. ಮೂರು ವರ್ಷಕ್ಕೆ ಕಾಯಿ ಅಂತ ನರ್ಸರಿಯವರು ಹೇಳಿದ್ದರು. ಆಲಿವ್ ಹೂ ಬಿಡಬೇಕಾದರೆ ಚಳಿಗಾಲದಲ್ಲಿ ವಾರಗಟ್ಟಲೆ ಚೆನ್ನಾಗಿ ಚಳಿ ಸಿಗಬೇಕು. ರಾಜಸ್ಥಾನ ಸರ್ಕಾರ 2007ರ ಹೊತ್ತಿಗೆ ಇಸ್ರೇಲ್ ತಜ್ಞರ ನೆರವಿನಿಂದ ಆಲಿವ್ ಶುರು ಮಾಡಿತು. ಬಿಕಾನೇರ್ ಕಡೆ ಜನವರಿ ರಾತ್ರಿಗಳು ನಮ್ಮದಕ್ಕಿಂತ ಎಷ್ಟೋ ತಣ್ಣಗೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ರಾತ್ರಿ ಸಾಮಾನ್ಯವಾಗಿ 12ರಿಂದ 15 ಡಿಗ್ರಿ. ಆ ಗಿಡಕ್ಕೆ ಇದು ಚಳಿಗಾಲ ಅಂತಲೇ ಅನ್ನಿಸೋದಿಲ್ಲ. ಎಲೆ ಬರುತ್ತದೆ, ಕಾಯಿ ನಂಬಿಕೊಂಡು ಸಾಲ ಮಾಡಬಾರದು. ಬದುವಿಗೆ ಚೆಂದ ಅಂತ ಅವರು ಹಾಗೇ ಬಿಟ್ಟಿದ್ದಾರೆ.

ಈಗಿನ ಸ್ಥಿತಿ

ಎರಡನೇ ನಾಟಿಯ ರೋಸ್‌ಮರಿ ಮುಂದಿನ ಮಳೆಗಾಲವನ್ನು ದಾಟಿತು. ಸತ್ತವು ಇವೆ, ಮುಖ್ಯವಾಗಿ ಕೆಳಗಿನ ತುದಿಯಲ್ಲಿ. ನರ್ಸರಿ ಸಸಿಗಳಿಗಿಂತ ಸ್ವಂತ ಕಡ್ಡಿಯ ಗಿಡಗಳು ಗಟ್ಟಿಯಾಗಿ ನಿಂತವು. ಥೈಮನ್ನು ಬಯಲಲ್ಲಿ ಬೆಳೆಯೋದು ಬಿಟ್ಟು, ಮಳೆ ತಡೆಯುವ ಪಾಲಿಥೀನ್ ಸೂರಿನ ಕೆಳಗೆ, ಪಕ್ಕ ತೆರೆದು, ಎರಡು ಮಡಿಗಷ್ಟೇ ಸೀಮಿತ ಮಾಡಿದರು. ಸೇಜ್ ಕೈಬಿಟ್ಟರು. ಅದರ ಜಾಗಕ್ಕೆ, ಅಮ್ಮನ ಮಾತಿನಂತೆ, ಚಳಿಗಾಲಕ್ಕೆ ಕೊತ್ತಂಬರಿ, ಬೀಟ್‌ರೂಟ್ ಹಾಕುತ್ತಾರೆ.

ಉಳಿದಿದ್ದ ತೊಡಕು ಮಾರುಕಟ್ಟೆಯದು. ಹೋಟೆಲ್‌ನವರಿಗೆ ವರ್ಷವಿಡೀ ಒಂದೇ ಸಮ ಮಾಲು ಬೇಕು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಈ ಗಿಡವನ್ನು ಕೊಯ್ದರೆ ಗಾಯದಿಂದ ರೋಗ ಏರುತ್ತದೆ, ಚಿಗುರೂ ಮೆತ್ತಗೆ. ತಂಗಿ ಇದನ್ನು ಮುಚ್ಚುಮರೆ ಇಲ್ಲದೆ ಖರೀದಿ ಮಾಡುವವರ ಮುಂದಿಟ್ಟರು. ಆ ಮೂರು ತಿಂಗಳು ಹಸಿ ರೋಸ್‌ಮರಿ ಕಡಿಮೆ, ಅದರ ಬದಲು ಬೇಸಿಗೆಯಲ್ಲಿ ನೆರಳಲ್ಲಿ ಒಣಗಿಸಿಟ್ಟದ್ದು ಕೊಡುತ್ತೇವೆ ಅಂದರು. ಇಬ್ಬರು ಒಪ್ಪಲಿಲ್ಲ, ಉಳಿದವರು ಒಪ್ಪಿದರು. ಈ ಸಲ ಸ್ವಾತಿ ಮುಗಿದ ಮೇಲೆ ನೆಡಲು ಕಡ್ಡಿಗಳನ್ನು ಸೆಪ್ಟೆಂಬರ್‌ನಲ್ಲೇ ಸೂರಿನ ಕೆಳಗೆ ಟ್ರೇಗೆ ಹಾಕಿದ್ದಾರೆ. ತಾಯಿಗಿಡಗಳೂ ಅಲ್ಲೇ, ಮಳೆ ತಾಗದ ಹಾಗೆ ಇವೆ. ಕೆಳಗಿನ ತುದಿಯ ಎರಡು ಸಾಲುಗಳನ್ನು ಮಾತ್ರ ಈ ಬೆಳೆಯಿಂದ ಬಿಟ್ಟುಬಿಡೋದು ಅಂತ ಅಣ್ಣ ತೀರ್ಮಾನ ಮಾಡಿದ್ದಾರೆ. ನಾನೂ ಅದನ್ನೇ ಹೇಳುವವನಿದ್ದೆ.